ಬಲೆ ತಳಕ್ಕೆ ಕೂತ ರಾತ್ರಿ

ಬಳಚು, ಅಂದರೆ ಕೆಸರಿನಲ್ಲಿ ಸಿಗುವ ತಿನ್ನುವ ಚಿಪ್ಪು. ಅದರ ಮರಿ ಎಷ್ಟು ದೂರ ಹೋಗುತ್ತದೆ ಅಂತ ಲೆಕ್ಕ ಹಾಕಲು, ನೀರಲ್ಲಿ ತೇಲುವುದು 15 ದಿನ ಅಂತ ಹಿಡಿದೆ. ಡಿಸೆಂಬರಿನಲ್ಲಿ ನಮ್ಮ ಕರಾವಳಿಯ ಪ್ರವಾಹ ಉತ್ತರಕ್ಕೆ; ಸೆಕೆಂಡಿಗೆ 20 ಸೆಂ.ಮೀ. ಇಟ್ಟುಕೊಂಡರೆ ದಿನಕ್ಕೆ 17 ಕಿ.ಮೀ. ಗುಣಿಸಿದೆ. ಗೋವಾದ ಮರಿ ರತ್ನಾಗಿರಿ ದಾಟಿ ದಾಭೋಳ ಮುಟ್ಟಿತು.

ಗೋವಾದ ಜುವಾರಿ ನದಿಯ ದಂಡೆಯಲ್ಲಿ ಬಳಚು ಹೆಕ್ಕುವ ಅಂಕೋಲೆ ಕಡೆಯ ಅಕ್ಕ ಒಬ್ಬರು ಕೇಳಿದ್ದರು, "ತಂಗಿ, ದೊಡ್ಡದನ್ನ ಬಿಟ್ರೆ ಬರೋ ವರ್ಷ ಇಲ್ಲೇ ಮರಿ ಆಗ್ತದಾ?" "ಇಲ್ಲಕ್ಕಾ, ಎಲ್ಲ ದೂರ ಹೋಗ್ತವೆ" ಅಂದುಬಿಟ್ಟೆ. ಅವರು ಬುಟ್ಟಿಯಲ್ಲಿದ್ದ ದೊಡ್ಡವನ್ನೂ ತಗೊಂಡು ಹೋದರು.

ಅದೇ ವಾರ ರಾತ್ರಿ 1 ಗಂಟೆಗೆ ಮರಿಗಳ ಸ್ಯಾಂಪ್ಲಿಂಗ್. ಇಳಿತ ಜೋರಿತ್ತು. ಮೊದಲ ಟೋ, ಅಂದರೆ ಬೋಟಿನ ಹಿಂದೆ ಮೇಲ್ನೀರಿನಲ್ಲಿ ಬಲೆ ಎಳೆಯುವುದು, ಮುಗಿಯಿತು, ಎರಡನೆಯದರ ನಡುವೆ ಎಂಜಿನ್ ನಿಂತಿತು. ಹಗ್ಗ ಸಡಿಲಾಗಿ ಬಲೆ ಮುಳುಗಿತು. ಆಮೇಲೆ ಹಗ್ಗ ಗಕ್ಕನೆ ಬಿಗಿದು ಅಂಗೈ ಉರಿಯಿತು. ನಮಗಿದ್ದದ್ದು ಅದೊಂದೇ ಬಲೆ. ನಾನು ಜಗ್ಗಲು ಹೋದೆ. "ಎಳೀಬೇಡಿ ಮೇಡಂ, ಹರೀತದೆ!" ಅಂತ ಬೋಟು ನಡೆಸುವ ತಾಂಡೇಲಣ್ಣ ಕೂಗಿ, ಹುಟ್ಟು ಹಾಕುತ್ತ ಬೋಟನ್ನು ಹಗ್ಗದ ನೇರಕ್ಕೆ ತಂದರು. ಕತ್ತಲು, ಮರದ ಮೇಲೆ ಹಗ್ಗ ಉಜ್ಜುವ ಕಿರ್ ಕಿರ್ ಸದ್ದು. ಐದು ನಿಮಿಷವೋ ಹತ್ತೋ, ಕೊನೆಗೆ ಬಿಟ್ಟುಕೊಂಡಿತು.

ಬಲೆಯ ತುದಿಯ ಡಬ್ಬಿ, ಕಾಡ್‌ಎಂಡ್, ತುಂಬ ಕೆಸರು. ಅದನ್ನು ಬಾಟಲಿಗೆ ಸುರಿದು, ಕೆಡದಂತೆ ಫಾರ್ಮಲಿನ್ ಹಾಕಿ, ಮೇಲೆ 'ರಿಜೆಕ್ಟ್' ಅಂತ ಬರೆದೆ.

ಮರುದಿನ ಮೈಕ್ರೋಸ್ಕೋಪಿನಲ್ಲಿ ಮೊದಲ ಟೋದ ಮೇಲ್ನೀರು ಹೆಚ್ಚುಕಡಿಮೆ ಖಾಲಿ. ರಿಜೆಕ್ಟ್ ಬಾಟಲಿಯ ಹನಿಯಲ್ಲಿ ಜೋಡಿಚಿಪ್ಪಿನ ಮರಿಗಳು ಒತ್ತೊತ್ತಾಗಿದ್ದವು. ಒಂದೊಂದೂ ಮಿಲಿಮೀಟರಿನ ನಾಲ್ಕನೇ ಒಂದು ಭಾಗ. ಕೆಲವಕ್ಕೆ ಚಿಪ್ಪಿನ ಅಂಚಿಂದ ಪುಟ್ಟ ಪಾದ ಇಣುಕಿತ್ತು.

ನನ್ನ ಲೆಕ್ಕದಲ್ಲಿ ಮರಿ ಅಂದರೆ ನೀರಿಗೆ ಬಿದ್ದ ತರಗೆಲೆ. ಆದರೆ ಅದು ಈಜುತ್ತದೆ, ಮುಳುಗುತ್ತದೆ. ಇಳಿತದಲ್ಲಿ ತಳಕ್ಕೆ ಇಳಿದರೆ ಅಲ್ಲಿ ನೀರಿನ ಓಟ ಕಡಿಮೆ. ಉಬ್ಬರದಲ್ಲಿ ಮೇಲೆದ್ದರೆ ನೀರೇ ಒಳಕ್ಕೆ ಒಯ್ಯುತ್ತದೆ. ಕೆಲವು ದೂರ ಹೋಗುವುದೂ ನಿಜ. ಆದರೆ ತೇಲುವ ದಿನಗಳಿಂದಲೇ ದೂರ ಹೇಳಲಾಗದು. ಪಪುವಾ ನ್ಯೂಗಿನಿಯ ಕಿಂಬೆ ದ್ವೀಪದಲ್ಲಿ ತಾಯಿಮೀನುಗಳ ಮೂಲಕ ಮರಿಗಳಿಗೆ ಬೇರಿಯಂ ಗುರುತು ಹಾಕಿ ನೋಡಿದ್ದರು. ಸುಮಾರು 38 ದಿನ ಸಮುದ್ರದಲ್ಲಿ ಕಳೆಯುವ ಚಿಟ್ಟೆಮೀನಿನಲ್ಲೂ, ಅಲ್ಲಿ ನೆಲೆಸಿದ ಮರಿಗಳಲ್ಲಿ ಸುಮಾರು ಶೇ. 60 ಆ ದ್ವೀಪದ ಹವಳದ ದಿಬ್ಬದಲ್ಲೇ ಹುಟ್ಟಿದವು. 2007ರ ಆ ಪೇಪರ್ ನಾನು ಓದಿಯೇ ಇದ್ದೆ!

ಬೇಕಾದ ಆಳದಲ್ಲಿ ಬಾಯಿ ಮುಚ್ಚುವ ಬಲೆ, ಕ್ಲೋಸಿಂಗ್ ನೆಟ್‌ನ ಇಂಡೆಂಟ್ ವರ್ಷದಿಂದ ಪರ್ಚೇಸ್ ಸೆಕ್ಷನ್ನಿನಲ್ಲಿ ಕೊಳೆಯುತ್ತಿದೆ, ಆ ಸಿಟ್ಟು ಈಗಲೂ ಇದೆ. ಆದರೆ ಸ್ಟೋರಿನಲ್ಲಿ ಪಂಪು, ಪೈಪು ಇದ್ದವು. ತಳದ ನೀರು ಎತ್ತಬಹುದಿತ್ತು. ಮೇಲ್ಮೈ ಸಾಕು ಅಂದವಳು ನಾನೇ.

ಆ ಅಕ್ಕನನ್ನು ಹುಡುಕಿಕೊಂಡು ಹೋಗಿ, ನಾನು ಹೇಳಿದ್ದು ತಪ್ಪು ಅಂದೆ. ಬೈಯಲಿಲ್ಲ. "ಹಂಗಾರೆ ಎಷ್ಟು ದೊಡ್ಡದು ಬಿಡ್ಬೇಕು?" ಅಂದರು. ಮುಂದಿನ ಅಮಾವಾಸ್ಯೆ ಇಳಿತಕ್ಕೆ ಸ್ಕೇಲ್ ಹಿಡಿದು ಅವರ ಜೊತೆ ಕೆಸರಿಗೆ ಇಳಿದೆ.