ಝಡ್ ಡ್ರೈವ್ ಕಾಣ್ತಿಲ್ಲ ಸಾರ್

ಆಯುಧಪೂಜೆ ರಜೆ ಮುಗಿದ ಮಾರನೇ ದಿನ ಅಂದರೆ ನನಗೆ ಒಂಥರಾ ಭಯ. ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ನಾನು ಸಿಸ್ಟಮ್ ಅಡ್ಮಿನ್. ಅರವತ್ತು ಚಿಲ್ಲರೆ ಕಂಪ್ಯೂಟರ್, ಅವನ್ನೆಲ್ಲ ಡೊಮೈನ್ ಅನ್ನುವ ಒಂದೇ ಜಾಲಕ್ಕೆ ಸೇರಿಸಿ, ಯಾರು ಒಳಗೆ ಬರಬಹುದು ಅಂತ ನೋಡುವ ಎರಡು ಸರ್ವರ್ (ಡೊಮೈನ್ ಕಂಟ್ರೋಲರ್), ನೋಡಿಕೊಳ್ಳೋಕೆ ನಾನೊಬ್ಬನೇ. ಪೂಜೆಯ ದಿನ ಎಲ್ಲ ಮಾನಿಟರ್‌ಗೂ ಕುಂಕುಮ ಇಟ್ಟು, ಸಿಪಿಯು ಮೇಲೆ ಚೆಂಡುಹೂವು ಇಟ್ಟು, ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದು, ಮೇನ್ ಸ್ವಿಚ್ ಆರಿಸಿ ಹೋಗುತ್ತೇವೆ. ಸರ್ವರ್ ರೂಮ್ ಬಿಟ್ಟು ಉಳಿದ ಕಡೆ ನಾಲ್ಕು ದಿನ ಕರೆಂಟ್ ಇಲ್ಲ.

ಈ ಸಲ ಮೊದಲ ಫೋನ್ ಸ್ಟೋರ್ಸ್‌ನಿಂದ. "ಸಾರ್, ಪಾಸ್‌ವರ್ಡ್ ಸರಿಯಾಗೇ ಹಾಕ್ತಾ ಇದೀನಿ, ಒಳಗೇ ಬಿಡ್ತಿಲ್ಲ." ಹೋಗಿ ನೋಡಿದೆ. ಕ್ಲೈಂಟ್‌ಗೂ ಸರ್ವರ್‌ಗೂ ಟೈಮ್ ಹೊಂದಾಣಿಕೆ ಇಲ್ಲ ಅಂತ ಬರುತ್ತಿತ್ತು. ಸಂದೇಶವನ್ನು ಅವರು ಓದೇ ಇಲ್ಲ. ಯಾರೂ ಓದಲ್ಲ ಬಿಡಿ. ಲಾಗಿನ್ ಪರದೆಯಲ್ಲಿ ದಿನಾಂಕ ನೋಡಿದರೆ 2015ರ ಜನವರಿ 1.

ಡೊಮೈನ್‌ನಲ್ಲಿ ಲಾಗಿನ್ ನೋಡಿಕೊಳ್ಳೋದು ಕರ್ಬರೋಸ್ ಅನ್ನುವ ಗುರುತು ಪರೀಕ್ಷಿಸುವ ವ್ಯವಸ್ಥೆ. ಅದು ಕೊಡುವ ಟಿಕೆಟ್‌ನಲ್ಲಿ ಟೈಮ್ ಇರುತ್ತದೆ. ಕಂಪ್ಯೂಟರ್ ಗಡಿಯಾರಕ್ಕೂ ಡೊಮೈನ್ ಕಂಟ್ರೋಲರ್ ಗಡಿಯಾರಕ್ಕೂ 5 ನಿಮಿಷದವರೆಗೆ ವ್ಯತ್ಯಾಸ ಇದ್ದರೆ ಸಹಿಸಿಕೊಳ್ಳುತ್ತದೆ. ಇಲ್ಲಿ ವರ್ಷಗಳೇ ಹಿಂದೆ ಹೋಗಿದ್ದವು. ಕಾರಣ, ಮದರ್‌ಬೋರ್ಡ್ ಮೇಲಿರುವ ನಾಣ್ಯದಂಥ ಬ್ಯಾಟರಿ, ಸಿಆರ್ 2032. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸೋದು ಅದೇ. ಕರೆಂಟ್ ಇರುವ ತನಕ ಅದು ಸತ್ತಿದೆ ಅಂತ ಗೊತ್ತೇ ಆಗಲ್ಲ. ಡ್ರಾಯರ್‌ನಲ್ಲಿ ಯಾವಾಗಲೂ ಹೊಸ ಬ್ಯಾಟರಿಗಳ ಒಂದು ಸ್ಟ್ರಿಪ್ ಇಟ್ಟುಕೊಂಡಿರುತ್ತೇನೆ. ಕ್ಯಾಬಿನೆಟ್ ಬಿಚ್ಚಿದರೆ ಒಳಗೆ ಫ್ಯಾನ್ ಪಕ್ಕದಲ್ಲಿ ಒಣಗಿದ ಚೆಂಡುಹೂವಿನ ಎಸಳು. ಸ್ಕ್ರೂಡ್ರೈವರ್ ತುದಿಯಿಂದ ಕ್ಲಿಪ್ ಒತ್ತಿದೆ, ಹಳೇದು ಟಪ್ ಅಂತ ಎದ್ದು ಬಂತು. ಹೊಸದು ಹಾಕಿ, ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪರದೆ) ಹೋಗಿ ದಿನಾಂಕ ಸರಿ ಮಾಡಿದೆ. ಲಾಗಿನ್ ಆಯ್ತು.

ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಸೀನಿಯರ್ ಒಬ್ಬರು ಎಲ್ಲದಕ್ಕೂ ಒಂದೇ ಮದ್ದು ಹೇಳಿಕೊಟ್ಟಿದ್ದರು: ಡೊಮೈನ್‌ನಿಂದ ತೆಗಿ, ಮತ್ತೆ ಸೇರಿಸು. ಗಡಿಯಾರ ತಪ್ಪಿದ್ದಾಗ ಈ ಮದ್ದನ್ನೇ ಮಾಡಲು ಹೋಗಿ, ಹೊರಗೆ ಬಂದ ಕಂಪ್ಯೂಟರ್ ವಾಪಸ್ ಒಳಗೆ ಹೋಗದೆ ಅರ್ಧ ದಿನ ಒದ್ದಾಡಿದ್ದೇನೆ.

ಅಷ್ಟರಲ್ಲಿ ಅಕೌಂಟ್ಸ್ ಮೇಡಂ ಬಂದರು. "ಝಡ್ ಡ್ರೈವ್ ಕಾಣ್ತಿಲ್ಲ ಸಾರ್. ಟ್ಯಾಲಿ ಬ್ಯಾಕಪ್ ಎಲ್ಲ ಅದರಲ್ಲೇ ಇರೋದು. ಜಿಎಸ್‌ಟಿ ರಿಟರ್ನ್ ಬೇರೆ ಇದೆ." ಝಡ್ ಅಂದರೆ ಸರ್ವರ್‌ನಲ್ಲಿರುವ ಹಂಚಿಕೆಯ ಫೋಲ್ಡರ್. ಅವರೊಬ್ಬರಿಗೇ ಅಲ್ಲ, ಅಕೌಂಟ್ಸ್‌ನ ಐದೂ ಜನಕ್ಕೆ ಕಾಣುತ್ತಿರಲಿಲ್ಲ.

ಐದೂ ಜನಕ್ಕೆ ಅಂದ ತಕ್ಷಣ ನನ್ನ ಎದೆ ಧಸಕ್ ಅಂತು. ರಜೆಗೆ ಹೋಗುವ ಹಿಂದಿನ ಸಂಜೆ ಸುಮ್ನೆ ಇರಲಾರದೆ ಗ್ರೂಪ್ ಪಾಲಿಸಿಗೆ, ಅಂದರೆ ಎಲ್ಲ ಕಂಪ್ಯೂಟರ್‌ಗೂ ಒಂದೇ ಕಡೆಯಿಂದ ಸೆಟ್ಟಿಂಗ್ ಕಳಿಸುವ ವ್ಯವಸ್ಥೆಗೆ, ಕೈ ಹಾಕಿದ್ದೆ. ಝಡ್ ಡ್ರೈವ್ ತೋರಿಸುವ ಪಾಲಿಸಿ ಎಲ್ಲರಿಗೂ ಅನ್ವಯ ಆಗೋದು ನನಗೆ ಸರಿ ಕಾಣಲಿಲ್ಲ. ಪಾಲಿಸಿ ಯಾರಿಗೆ ಅಂತ ಹೇಳುವ ಸೆಕ್ಯುರಿಟಿ ಫಿಲ್ಟರಿಂಗ್‌ನಲ್ಲಿದ್ದ ಅಥೆಂಟಿಕೇಟೆಡ್ ಯೂಸರ್ಸ್ ಅನ್ನುವ ಗುಂಪನ್ನು ತೆಗೆದು, ಅಕೌಂಟ್ಸ್ ಗ್ರೂಪ್ ಮಾತ್ರ ಸೇರಿಸಿದ್ದೆ. ಎಷ್ಟು ಅಚ್ಚುಕಟ್ಟು ಅಂತ ಬೆನ್ನು ತಟ್ಟಿಕೊಂಡು ಮನೆಗೆ ಹೋಗಿದ್ದೆ.

ಅವರ ಕಂಪ್ಯೂಟರ್‌ನಲ್ಲಿ ಪಾಲಿಸಿಯನ್ನು ಹೊಸದಾಗಿ ತರಿಸುವ ಜಿಪಿಅಪ್‌ಡೇಟ್ ಆಜ್ಞೆ ಕೊಟ್ಟೆ. ಪಾಲಿಸಿ ಅಪ್‌ಡೇಟ್ ಯಶಸ್ವಿ ಅಂತು! ಈ ಯಶಸ್ವಿ ಅನ್ನೋದನ್ನು ನಂಬಲೇಬಾರದು. ಯಾವ ಪಾಲಿಸಿ ನಿಜವಾಗಿ ಬಂದಿದೆ ಅಂತ ತೋರಿಸುವ ಜಿಪಿರಿಸಲ್ಟ್ ಓಡಿಸಿದೆ. ಅನ್ವಯವಾದ ಪಾಲಿಸಿಗಳ ಪಟ್ಟಿಯಲ್ಲಿ ನಮ್ಮ ಝಡ್ ಡ್ರೈವ್ ಹೆಸರೇ ಇಲ್ಲ. ಮೇಡಂ ಅಕೌಂಟ್ಸ್ ಗ್ರೂಪ್‌ನಲ್ಲಿದ್ದಾರೆ, ಗ್ರೂಪ್‌ಗೆ ಅನುಮತಿ ಇದೆ. ಮತ್ತೇನು?

ಟೀ ಕುಡಿಯುವಾಗ ಹೊಳೆಯಿತು. ಮೊದಲೆಲ್ಲ ಬಳಕೆದಾರರ ಪಾಲಿಸಿಯನ್ನು ವಿಂಡೋಸ್ ಬಳಕೆದಾರರ ಹೆಸರಲ್ಲೇ ಸರ್ವರ್‌ನಿಂದ ತರುತ್ತಿತ್ತು. 2016ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಒಂದು ಸೆಕ್ಯುರಿಟಿ ಅಪ್‌ಡೇಟ್ ಬಿಟ್ಟಿತು, ಎಂಎಸ್16-072. ಅಲ್ಲಿಂದ ಅದನ್ನು ಕಂಪ್ಯೂಟರ್ ತನ್ನ ಹೆಸರಲ್ಲಿ ತರುತ್ತದೆ. ಅಂದರೆ ಮೇಡಂಗೆ ಅನುಮತಿ ಇದ್ದರೆ ಸಾಲದು, ಅವರು ಕೂತಿರುವ ಕಂಪ್ಯೂಟರ್‌ಗೂ ಆ ಪಾಲಿಸಿ ಓದುವ ಅನುಮತಿ ಬೇಕು. ಅಥೆಂಟಿಕೇಟೆಡ್ ಯೂಸರ್ಸ್ ಅನ್ನುವ ಹೆಸರು ನೋಡಿ ಅದರಲ್ಲಿ ಜನ ಮಾತ್ರ ಇದ್ದಾರೆ ಅಂದುಕೊಂಡಿದ್ದೆ. ಕಂಪ್ಯೂಟರ್‌ಗಳೂ ಅದರೊಳಗೇ ಬರುತ್ತವೆ. ಅದನ್ನು ತೆಗೆದು ನಾನು ಅರವತ್ತು ಕಂಪ್ಯೂಟರ್‌ನ ಕಣ್ಣು ಕಟ್ಟಿದ್ದೆ.

ಡೆಲಿಗೇಷನ್ ಟ್ಯಾಬ್‌ಗೆ ಹೋಗಿ ಡೊಮೈನ್ ಕಂಪ್ಯೂಟರ್ಸ್ ಗುಂಪಿಗೆ ರೀಡ್ (ಓದುವ ಅನುಮತಿ) ಮಾತ್ರ ಕೊಟ್ಟೆ. ಅಪ್ಲೈ ಬೇಕಿಲ್ಲ. ಮೇಡಂಗೆ ಒಮ್ಮೆ ಲಾಗಾಫ್ ಆಗಿ ಬನ್ನಿ ಅಂದೆ. ಝಡ್ ಬಂತು. "ಏನಾಗಿತ್ತು?" ಅಂದರು. "ಸರ್ವರ್ ಸಮಸ್ಯೆ" ಅಂದೆ. ಪೂರ್ತಿ ಸುಳ್ಳಲ್ಲ, ಅಲ್ವಾ?

ಸೇಲ್ಸ್‌ನ ಹುಡುಗನದ್ದು ಎರಡೇ ನಿಮಿಷದ ಕೆಲಸ. ಇಂಟರ್ನೆಟ್ ಚೆನ್ನಾಗಿದೆ, ಯೂಟ್ಯೂಬ್ ಓಡುತ್ತಿದೆ, ಡೊಮೈನ್ ಮಾತ್ರ ಸಿಗುತ್ತಿಲ್ಲ. ಹೀಗೆ ಅಂದರೆ ನೇರ ಡಿಎನ್‌ಎಸ್, ಅಂದರೆ ಹೆಸರು ಕೊಟ್ಟರೆ ವಿಳಾಸ ಹುಡುಕಿಕೊಡುವ ಸರ್ವರ್ ಯಾವುದು ಅಂತ ನೋಡಬೇಕು. ಯಾರೋ ನೆಟ್ ಸ್ಲೋ ಅಂತ ಗೂಗಲ್‌ನ 8.8.8.8 ಹಾಕಿ ಹೋಗಿದ್ದರು. ಪೀಣ್ಯದ ನಮ್ಮ ಡೊಮೈನ್ ಕಂಟ್ರೋಲರ್ ಎಲ್ಲಿದೆ ಅಂತ ಗೂಗಲ್‌ಗೆ ಹೇಗೆ ಗೊತ್ತಿರಬೇಕು? ನಮ್ಮ ಸರ್ವರ್ ವಿಳಾಸ ವಾಪಸ್ ಹಾಕಿದೆ.

ಮಧ್ಯಾಹ್ನ ಎಚ್‌ಆರ್ ಮೇಡಂ. "ಇದಕ್ಕೆ ಯಾರ ಮೇಲೋ ನಂಬಿಕೆ ಹೋಗಿದೆಯಂತೆ ನೋಡಿ." ಅವರ ಪರದೆ ಮೇಲೆ ಟ್ರಸ್ಟ್ ರಿಲೇಶನ್‌ಶಿಪ್ ಫೇಲ್ ಅನ್ನುವ ಹಳೇ ಪರಿಚಯದ ಸಂದೇಶ. ಜಾಸ್ತಿ ದಿನ ಆಫ್ ಇದ್ದರೆ ಹೀಗಾಗುತ್ತೆ ಅಂತ ಬಹಳ ಜನ ಹೇಳುತ್ತಾರೆ. ಹಾಗಲ್ಲ. ಪ್ರತಿ ಕಂಪ್ಯೂಟರ್‌ಗೂ ಡೊಮೈನ್‌ನಲ್ಲಿ ಒಂದು ಪಾಸ್‌ವರ್ಡ್ ಇದೆ, ಅದನ್ನು 30 ದಿನಕ್ಕೊಮ್ಮೆ ಕಂಪ್ಯೂಟರೇ ಬದಲಾಯಿಸಿಕೊಳ್ಳುತ್ತದೆ. ಆಫ್ ಇದ್ದರೆ ಬದಲಾಯಿಸಲ್ಲ, ಅಷ್ಟೇ. ಇಲ್ಲಿ ಆಗಿದ್ದು ಬೇರೆ. ಪೂಜೆಗೆ ಮುಂಚೆ ಅವರ ಎಸ್‌ಎಸ್‌ಡಿ ಹೋಗಿತ್ತು. ಮೂರು ತಿಂಗಳ ಹಿಂದಿನ ಇಮೇಜ್ (ಡಿಸ್ಕ್‌ನ ಪೂರ್ತಿ ನಕಲು) ಹಾಕಿ ಕೊಟ್ಟಿದ್ದೆ, ಲಾಗಿನ್ ಆಗುತ್ತಾ ಅಂತ ನೋಡಿರಲಿಲ್ಲ. ಕಂಪ್ಯೂಟರ್‌ಗೆ ನೆನಪಿರುವುದು ಹಳೇ ಪಾಸ್‌ವರ್ಡ್, ಡೊಮೈನ್ ಹತ್ತಿರ ಇರುವುದು ಹೊಸದು.

ನೆಟ್‌ವರ್ಕ್ ಕೇಬಲ್ ಕಿತ್ತೆ. ಕೇಬಲ್ ಇಲ್ಲದಿದ್ದರೆ ವಿಂಡೋಸ್ ತನ್ನ ನೆನಪಿನ ಮೇಲೆಯೇ ಒಳಗೆ ಬಿಡುತ್ತದೆ. ಆ ಕಂಪ್ಯೂಟರ್‌ಗೆ ನನ್ನ ಅಡ್ಮಿನ್ ಖಾತೆಯಿಂದ ಹಿಂದೆ ಲಾಗಿನ್ ಆಗಿದ್ದೆ. ಆದರೆ ಬೇಕಾಗಿದ್ದು ಮೂರು ತಿಂಗಳ ಹಿಂದಿನ ನನ್ನ ಪಾಸ್‌ವರ್ಡ್. ಅದು ನೆನಪಾಗೋಕೇ ಹತ್ತು ನಿಮಿಷ ಹಿಡಿಯಿತು. ಒಳಗೆ ಹೋದ ಮೇಲೆ ಕೇಬಲ್ ಚುಚ್ಚಿ, ಪವರ್‌ಶೆಲ್‌ನಲ್ಲಿ ಡೊಮೈನ್ ಜೊತೆಗಿನ ನಂಬಿಕೆ ಪರೀಕ್ಷಿಸುವ ಟೆಸ್ಟ್ ಕಂಪ್ಯೂಟರ್ ಸೆಕ್ಯೂರ್ ಚಾನೆಲ್ ಆಜ್ಞೆಯನ್ನು ರಿಪೇರ್ ಸೇರಿಸಿ ಕೊಟ್ಟೆ. ಈಗಿನ ಪಾಸ್‌ವರ್ಡ್ ಕೇಳಿತು, ಕೊಟ್ಟೆ. ಟ್ರೂ ಅಂತ ಬಂತು.

"ನಂಬಿಕೆ ಬಂತಾ?" ಅಂದರು ಮೇಡಂ.

"ಬಂತು ಮೇಡಂ."

ಪೂಜೆಯಲ್ಲಿ ಉಳಿದ ಕಡ್ಲೆಪುರಿ ಪೊಟ್ಟಣ ಒಂದು ಕೈಗಿಟ್ಟರು. ನಾಲ್ಕು ದಿನಕ್ಕೆ ಮೆತ್ತಗಾಗಿತ್ತು. ತಿಂದೆ.