ಪಂಪ್ ನಿಂತಾಗ ಬೀಳುವ ಹೊಡೆತ: ಎನ್‌ಆರ್‌ವಿ ಆರಿಸುವ ಮೊದಲು

ಪಂಪು, ಪೈಪ್‌ಲೈನ್ ಕೆಲಸಕ್ಕಾಗಿ ಶಿರಸಿಯ ತೋಟಗಳಿಂದ ಕಾರವಾರದ ಕಡಲಂಚಿನವರೆಗೆ ಓಡಾಡುತ್ತೇನೆ. ಘಟ್ಟದ ಮೇಲಾಗಲಿ ಕೆಳಗಾಗಲಿ, ಎನ್‌ಆರ್‌ವಿ (ನೀರು ಹಿಂದಕ್ಕೆ ಬಾರದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್) ಕೊಳ್ಳುವ ರೀತಿ ಒಂದೇ: "ಎರಡೂವರೆ ಇಂಚಿಂದು ಒಂದು ಕೊಡಿ." ಪೈಪಿಗೆ ಕೂತರೆ ಸಾಕು. ಆದರೆ ಮೊದಲು ಕೇಳಬೇಕಾದದ್ದು ಬೇರೆ: ಪಂಪ್ ನಿಂತ ಮೇಲೆ ಈ ಲೈನಿನಲ್ಲಿ ನೀರು ಎಷ್ಟು ಬೇಗ ಹಿಂದೆ ತಿರುಗುತ್ತದೆ?

ಶಿರಸಿ ಹತ್ತಿರದ ಒಂದು ಅಡಿಕೆ ತೋಟದಲ್ಲಿ ಹಳ್ಳದಿಂದ ಗುಡ್ಡದ ಮೇಲಿನ ಟ್ಯಾಂಕಿಗೆ ನೀರು ಹತ್ತಿಸುತ್ತಾರೆ. ಉದ್ದ ಕಮ್ಮಿ, ಏರು ಕಡಿದು. ಸ್ವಿಚ್ ಆಫ್ ಮಾಡಿದ ಬೆನ್ನಿಗೇ ಧಡ್ ಎಂಬ ಸದ್ದು, ಬೇಸಿಗೆ ಬಂತೆಂದರೆ ಯಾವುದಾದರೊಂದು ಜಾಯಿಂಟ್ ಬಿಡುವುದು ಖಾತ್ರಿ. "ಪೈಪೇ ಚೊಲೋ ಇಲ್ಲೆ ಮಾರಾಯ" ಎಂದು ಯಜಮಾನರು ಪೈಪು ಬದಲಿಸುತ್ತಲೇ ಇದ್ದರು. ವಾಲ್ವ್ ಬಿಚ್ಚಿ ನೋಡಿದರೆ ಬಾಗಿಲಿನ ಪಿನ್ನು ಒಂದೇ ಮಗ್ಗುಲಿಗೆ ಸವೆದಿತ್ತು, ಅದು ಕೂರುವ ತೂತು ದುಂಡಗೆ ಉಳಿಯದೆ ಉದ್ದಕ್ಕೆ ಎಳೆದಿತ್ತು, ಬಾಗಿಲು ಮುಚ್ಚಿ ಕೂರುವ ಸೀಟಿನ ಕೆಳಗಿನ ಅಂಚು ಬಡಿದು ಬಡಿದು ಚಪ್ಪಟೆಯಾಗಿತ್ತು.

ಅದು ಸ್ವಿಂಗ್ ವಾಲ್ವ್. ಮೇಲಿನ ಪಿನ್ನಿಗೆ ನೇತು ಬಿದ್ದ ಬಾಗಿಲು ನೀರು ನುಗ್ಗಿದಾಗ ಮೇಲೇಳುತ್ತದೆ, ನಿಂತಾಗ ತನ್ನ ಭಾರಕ್ಕೆ ಇಳಿಯುತ್ತದೆ. ಇಳಿಯಲು ಅದಕ್ಕೆ ಹೊತ್ತು ಬೇಕು. ಕಡಿದಾದ ಲೈನಿನಲ್ಲಿ ಅಷ್ಟರೊಳಗೆ ನೀರು ವಾಪಸ್ ಹೊರಟಿರುತ್ತದೆ, ಆ ನೀರೇ ಬಾಗಿಲನ್ನು ಎಳೆದು ಮುಚ್ಚುತ್ತದೆ. ಹರಿಯುವ ನೀರು ಥಟ್ಟನೆ ನಿಂತರೆ ಏನಾಗುತ್ತದೆ ನೋಡಿ: ಉಕ್ಕಿನ ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗ ತಡೆದರೆ ಸುಮಾರು 100 ಮೀಟರ್ ಎತ್ತರದ ನೀರಿನಷ್ಟು, ಅಂದರೆ ಚದರ ಸೆಂಟಿಮೀಟರಿಗೆ 10 ಕೆಜಿ ಆಸುಪಾಸು ಒತ್ತಡ ಹೆಚ್ಚುವರಿಯಾಗಿ ಏಳುತ್ತದೆ. ಪಿವಿಸಿಯಲ್ಲಿ ಅದರ ಅರ್ಧಕ್ಕಿಂತ ಕಮ್ಮಿ, ಆದರೆ ಪಿವಿಸಿಯ ತಾಳಿಕೆಯೂ ಕಮ್ಮಿ.

"ಹಾಗಾದರೆ ನಿಧಾನ ಮುಚ್ಚುವಂಥದ್ದು ಹಾಕಿ" ಎನ್ನುವವರೇ ಹೆಚ್ಚು. ಇಂಥ ಲೈನಿಗೆ ಬೇಕಿರುವುದು ಅದರ ಉಲ್ಟಾ. ನೀರು ಹಿಂದೆ ತಿರುಗುವ ಮೊದಲೇ ಮುಚ್ಚಿಬಿಡಬೇಕು. ಸ್ಪ್ರಿಂಗ್ ಇರುವ, ಡಿಸ್ಕ್ (ಮುಚ್ಚುವ ಬಿಲ್ಲೆ) ಸ್ವಲ್ಪವೇ ಸರಿಯುವ ವಾಲ್ವ್ ಹಾಕಿದೆವು, ಸದ್ದು ಅಡಗಿತು. ಸ್ಪ್ರಿಂಗ್ ತಳ್ಳಲು ಪಂಪಿನ ಒತ್ತಡ ತುಸು ಖರ್ಚಾಗುತ್ತದೆ, ಅಷ್ಟು ಕೊಡುವುದೇ ಸರಿ. ಮೈಲುಗಟ್ಟಲೆ ಹೋಗುವ ನೀರು ಸರಬರಾಜಿನ ಲೈನಿನ ಮಾತು ಬೇರೆ. ಕರೆಂಟ್ ಹೋದಾಗ ಅಲ್ಲಿ ಏಳುವ ಒತ್ತಡದ ಅಲೆಯನ್ನು ಬರೀ ವಾಲ್ವ್ ತಡೆಯಲಾರದು, ಏರ್ ವೆಸೆಲ್‌ನಂಥ (ಒಳಗಿನ ಗಾಳಿಯಿಂದ ಹೊಡೆತ ನುಂಗುವ ತೊಟ್ಟಿ) ವ್ಯವಸ್ಥೆ ಬೇಕು.

ಹಾಗೆಂದು ಸ್ವಿಂಗ್ ಕೆಟ್ಟದ್ದಲ್ಲ. ಮಟ್ಟಸ ಲೈನಿಗೆ ಅದು ಒಳ್ಳೆಯದು, ನೀರಿಗೆ ಅಡ್ಡಿ ಕಮ್ಮಿ. ನಿಲುವು ಪೈಪಿನಲ್ಲಿ ನೀರು ಮೇಲಕ್ಕೆ ಹೋಗುವಾಗ ಮಾತ್ರ ಹಾಕಬಹುದು. ಕೆಳಮುಖ ಹರಿವಿಗೆ ಹಾಕಿದರೆ ಬಾಗಿಲು ತೆರೆದೇ ಜೋತಾಡುತ್ತದೆ. ಪಂಪಿಗೆ ಅಥವಾ ಬೆಂಡಿಗೆ ಅಂಟಿಸಿಯೂ ಕೂರಿಸಬಾರದು, ಸುಳಿಗೆ ಸಿಕ್ಕಿ ಬಾಗಿಲು ನಡುಗಿ ಪಿನ್ನು ಸವೆಯುತ್ತದೆ. ಪೈಪಿನ ವ್ಯಾಸದ ಐದು ಪಟ್ಟಾದರೂ ನೇರ ಪೈಪು ಬಿಡಿ. ಕೊಳಚೆ ನೀರಿಗೆ ಬಾಲ್ ಮಾದರಿಯ ಎನ್‌ಆರ್‌ವಿ ವಾಸಿ, ರಬ್ಬರ್ ಹೊದೆಸಿದ ಗುಂಡು ಉರುಳಿ ಪಕ್ಕಕ್ಕೆ ಸರಿಯುವುದರಿಂದ ಕಸ ಸುತ್ತಿಕೊಳ್ಳಲು ಪಿನ್ನೇ ಇಲ್ಲ. ತೆರೆದ ಬಾವಿಯಲ್ಲಿ ಹೀರು ಪೈಪಿನ ತುದಿಗೆ ಹಾಕುವ ಫುಟ್ ವಾಲ್ವ್ ಎಲ್ಲರಿಗೂ ಗೊತ್ತು. ಜಾಲರಿ ಮಾತ್ರ ಮಳೆಗಾಲದ ನಂತರ ತೊಳೆಯಲೇಬೇಕು.

ಕರಾವಳಿಗೆ ಬಂದರೆ ಉಪ್ಪಿನ ಲೆಕ್ಕ ಸೇರುತ್ತದೆ. ಕುಮಟಾ ಕಡೆಯ ಸಿಗಡಿ ಕೆರೆಗಳಿಗೆ ಉಪ್ಪುನೀರು ಎತ್ತುವಲ್ಲಿ ಸಾದಾ ಹಿತ್ತಾಳೆ ಬೇಡ: ಅದರೊಳಗಿನ ಸತು ಕರಗಿಹೋಗಿ, ಕೆಂಪಗಾಗಿ ಪುಡಿಯಾಗುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಮೇಲೂ ತೂತು ಬೀಳುತ್ತದೆ. ಎರಡು ಫ್ಲಾಂಜ್‌ಗಳ ನಡುವೆ ಸಿಕ್ಕಿಸುವ, ಎರಡು ರೆಕ್ಕೆಯ ವೇಫರ್ ವಾಲ್ವ್ ತೆಳುವು, ಹಗುರ, ಬೇಗ ಮುಚ್ಚುತ್ತದೆ, ಆದರೆ ಅದರ ಜೀವ ಇರುವುದು ನಡುವಿನ ಸ್ಪ್ರಿಂಗಿನಲ್ಲಿ. ಬಿಲ್ಲಿನಲ್ಲಿ ಬಾಡಿಯ ಲೋಹ ಬರೆದಿರುತ್ತಾರೆ, ಸ್ಪ್ರಿಂಗಿನದು ಬರೆದಿರುವುದಿಲ್ಲ. ಅದನ್ನು ಬಾಯಿಬಿಟ್ಟು ಕೇಳಿ. ಭರತಿ ನೀರು ಚರಂಡಿಗೆ ನುಗ್ಗುವ ಕಡೆ ಬಾತುಕೋಳಿ ಕೊಕ್ಕಿನಂತೆ ತುಟಿ ಮುಚ್ಚುವ ಡಕ್‌ಬಿಲ್ ಎಂಬ ರಬ್ಬರ್ ವಾಲ್ವ್ ನನಗೆ ಇಷ್ಟ. ಅದರಲ್ಲಿ ತುಕ್ಕು ಹಿಡಿಯುವ ಪಿನ್ನೂ ಇಲ್ಲ, ಸ್ಪ್ರಿಂಗೂ ಇಲ್ಲ, ನಡುವೆ ಸಣ್ಣ ಕಡ್ಡಿ ಸಿಕ್ಕಿದರೂ ತುಟಿ ಅದರ ಸುತ್ತ ಕೂತುಕೊಳ್ಳುತ್ತದೆ.

ಯಾವುದನ್ನೇ ಹಾಕಿ, ಅದರ ಮುಂದೆ, ಟ್ಯಾಂಕಿನ ಕಡೆಗೆ, ಒಂದು ಗೇಟ್ ವಾಲ್ವ್ ಇರಲಿ. ಇಲ್ಲದಿದ್ದರೆ ಎನ್‌ಆರ್‌ವಿ ಬಿಚ್ಚಲು ಗುಡ್ಡದ ಲೈನನ್ನೆಲ್ಲ ಖಾಲಿ ಮಾಡಬೇಕು, ಆ ಕಷ್ಟಕ್ಕೆ ಹೆದರಿ ಯಾರೂ ಬಿಚ್ಚುವುದೇ ಇಲ್ಲ.