ಕ್ಯಾಮೆರಾಕ್ಕೆ ಮೊದಲೇ ಗೊತ್ತಿರಬಾರದು

ಯಾರೋ ಶೂಟ್ ಮಾಡಿ ಬಿಟ್ಟುಹೋದ ವಿಡಿಯೊ ಸಿಕ್ಕಿದೆ ಎಂಬ ಸೋಗಿನಲ್ಲಿ ಹೇಳುವ ದೆವ್ವದ ಕಥೆಯೇ ಫೌಂಡ್ ಫುಟೇಜ್ ಹಾರರ್. ಕೈಯಲ್ಲಿ ದುಡ್ಡಿಲ್ಲದವರೆಲ್ಲ ಮೊದಲು ಇದಕ್ಕೇ ಕೈಹಾಕುತ್ತಾರೆ. ಹುಬ್ಬಳ್ಳಿ-ಧಾರವಾಡದ ಕಿರುಚಿತ್ರದ ಹುಡುಗರೂ ಹಾಗೇ: ಮೊಬೈಲ್ ಇದೆ, ಯಾರದೋ ಅಜ್ಜನ ಹಂಚಿನ ಮನೆ ಇದೆ, ಮತ್ತೇನು ಬೇಕು? ಆದರೆ ಇಂಥ ಚಿತ್ರಗಳಲ್ಲಿ ಬಹಳಷ್ಟು ಹೆದರಿಸುವುದೇ ಇಲ್ಲ. ದೆವ್ವ ಎಲ್ಲಿಂದ ಬರುತ್ತದೆ ಅಂತ ಕ್ಯಾಮೆರಾ ಹಿಡಿದವನಿಗೆ ಮೊದಲೇ ಗೊತ್ತಿರುತ್ತದೆ. ಅವನಿಗೆ ಗೊತ್ತಿದೆ ಅನ್ನುವುದು ನೋಡುವವರಿಗೂ ಗೊತ್ತಾಗಿಬಿಡುತ್ತದೆ.

ಹಿತ್ತಲ ಬಾಗಿಲು ಧಡ್ ಅಂತ ಬಡಿಯುವ ಶಾಟ್ ತೆಗೆದುಕೊಳ್ಳಿ. ಸದ್ದು ಬರುವ ಮುಂಚೆಯೇ ಕ್ಯಾಮೆರಾ ಆ ಕಡೆ ವಾಲಿರುತ್ತದೆ, ಬಾಗಿಲು ಫ್ರೇಮಿನ ನಟ್ಟನಡುವೆ ನೀಟಾಗಿ ಕೂತಿರುತ್ತದೆ. ಅಲ್ಲಿಗೆ ಕಥೆ ಮುಗಿಯಿತು. ನಿಜವಾಗಿ ಬೆಚ್ಚಿದವನ ಕತ್ತು ಮೊದಲು ತಿರುಗುತ್ತದೆ, ಫೋನ್ ಹಿಡಿದ ಕೈ ಆಮೇಲೆ. ಅರ್ಧ ಸೆಕೆಂಡೋ ಒಂದು ಸೆಕೆಂಡೋ ತಡ. ಜೊತೆಗೆ ಕ್ಯಾಮೆರಾ ಬಾಗಿಲನ್ನು ದಾಟಿ ಹೋಗಿ ವಾಪಸ್ ಬರುತ್ತದೆ, ಫೋಕಸ್ ತಡಕಾಡುತ್ತದೆ. ಅಷ್ಟರಲ್ಲಿ ಬಾಗಿಲು ಅಲುಗಾಡುವುದೂ ನಿಂತಿರುತ್ತದೆ. ಈ ತಡವನ್ನು ನಟಿಸಿ ತರುವುದು ಕಷ್ಟ. ಸುಲಭದ ದಾರಿ ಎಂದರೆ ಹಿಡಿದವನಿಗೆ ಹೇಳದೇ ಇರುವುದು. ಎರಡು ಬಾಗಿಲ ಹಿಂದೆ ಇಬ್ಬರನ್ನು ನಿಲ್ಲಿಸಿ, ಯಾರು ಯಾವಾಗ ಬಡಿಯುತ್ತಾರೆ ಅಂತ ನಿರ್ದೇಶಕನಿಗೆ ಮಾತ್ರ ಗೊತ್ತಿರಲಿ. ಇದರಲ್ಲಿ ಸಿಗುವುದು ಒಂದೇ ಟೇಕ್. ಎರಡನೆಯದಕ್ಕೆ ಬಾಗಿಲು ಬದಲಿಸಿ, ಇಲ್ಲವೇ ಕ್ಯಾಮೆರಾ ಬೇರೆಯವರ ಕೈಗೆ ಕೊಡಿ.

‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ (1999) ಇಡೀ ಚಿತ್ರವನ್ನೇ ಹೀಗೆ ಕಟ್ಟಿತು. 1997ರ ಅಕ್ಟೋಬರಿನಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 8 ದಿನ ಶೂಟಿಂಗ್. ಮೂವರು ನಟರೇ ಕ್ಯಾಮೆರಾ ಹೊತ್ತರು. ಸುಮಾರು 35 ಪುಟದ ಕಥಾಸಾರ ಬಿಟ್ಟರೆ ಬರೆದ ಸಂಭಾಷಣೆ ಇರಲಿಲ್ಲ. ಮುಂದಿನ ಜಾಗ ಎಲ್ಲಿ ಅಂತ ಜಿಪಿಎಸ್ ಹೇಳುತ್ತಿತ್ತು, ಅಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಚೀಟಿ ಕಾದಿರುತ್ತಿತ್ತು. ರಾತ್ರಿ ನಿರ್ದೇಶಕರು ಬಂದು ಟೆಂಟ್ ಅಲ್ಲಾಡಿಸಿದರು, ಮಕ್ಕಳ ದನಿಯ ರೆಕಾರ್ಡಿಂಗ್ ಹಾಕಿದರು. ದಿನದಿನಕ್ಕೂ ಊಟ ಕಡಿಮೆ ಮಾಡುತ್ತ ಹೋದದ್ದೂ ನಿಜ, ಅದನ್ನು ಮಾತ್ರ ಕಲಿಯಬೇಡಿ.

‘ಪ್ಯಾರಾನಾರ್ಮಲ್ ಆಕ್ಟಿವಿಟಿ’ಯದು ಉಲ್ಟಾ ಉಪಾಯ. 2006ರಲ್ಲಿ ಸ್ಯಾನ್ ಡಿಯೇಗೊದ ನಿರ್ದೇಶಕನ ಸ್ವಂತ ಮನೆಯಲ್ಲಿ, ಒಂದು ವಾರದಲ್ಲಿ, ಸುಮಾರು 15,000 ಡಾಲರಿನಲ್ಲಿ ಆದ ಶೂಟಿಂಗ್ ಅದು. ರಾತ್ರಿ ದೃಶ್ಯಗಳಲ್ಲಿ ಕ್ಯಾಮೆರಾ ಸ್ಟ್ಯಾಂಡ್ ಮೇಲೆ ಕೂತಿರುತ್ತದೆ. ಹಿಡಿದವರೇ ಇಲ್ಲ ಅಂದಮೇಲೆ ಅದಕ್ಕೆ ಮೊದಲೇ ಗೊತ್ತಾಗುವ ಮಾತೆಲ್ಲಿ? ಹಾಸಿಗೆ, ಪಕ್ಕದಲ್ಲಿ ತೆರೆದ ಬಾಗಿಲು, ಆಚೆ ಕತ್ತಲು. ನೋಡುವವರೇ ಮೂಲೆಮೂಲೆ ಹುಡುಕುತ್ತ ಕೂರಬೇಕು. ಇದನ್ನು ಕಾಪಿ ಮಾಡುವವರು ಎಡವುವುದು ಒಂದೇ ಕಡೆ: ಬಾಗಿಲು ಅಲುಗಿದ ಕೂಡಲೇ ಅದಕ್ಕೆ ಜೂಮ್ ಹಾಕಿ ‘ಢಂ’ ಅಂತ ಮ್ಯೂಸಿಕ್ ಕೊಡುತ್ತಾರೆ. ನಾಲ್ಕು ಬೆರಳಿನಷ್ಟು ಅಲುಗಲಿ, ಫ್ರೇಮಿನ ಅಂಚಿನಲ್ಲೇ ಅಲುಗಲಿ. ಕಾಣದವರಿಗೆ ಕಾಣದೇ ಹೋಗಲಿ.

ನಮ್ಮ ಕಡೆಯ ಹಳೇ ಮನೆಗಳು ಇದಕ್ಕೆ ಹೇಳಿ ಮಾಡಿಸಿದ್ದು. ಪಡಸಾಲೆ, ನಡುಮನೆ, ಅಡುಗೆಮನೆ ಒಂದರ ಹಿಂದೊಂದು, ಎಷ್ಟೋ ಮನೆಗಳಲ್ಲಿ ಬಾಗಿಲುಗಳೆಲ್ಲ ಒಂದೇ ಸಾಲಿನಲ್ಲಿ. ಫೋನಿನ ಟಾರ್ಚ್ ಲೆಕ್ಕ ನೆನಪಿರಲಿ: ದೂರ ಎರಡು ಪಟ್ಟಾದರೆ ಬೆಳಕು ನಾಲ್ಕರಲ್ಲೊಂದು ಪಾಲು. ಒಂದು ಮೀಟರಿನಲ್ಲಿರುವ ಮುಖ ಸರಿಯಾಗಿ ಕಾಣುವಾಗ ನಾಲ್ಕು ಮೀಟರಿನಲ್ಲಿ ನಿಂತವರ ಮೇಲೆ ಬೀಳುವುದು 16ರಲ್ಲಿ ಒಂದು ಪಾಲು. ಯಾರೋ ನಿಂತಂತಿದೆ, ಇಲ್ಲವೂ ಅನಿಸುತ್ತದೆ. ದೆವ್ವದ ಜಾಗ ಅದೇ. ಮೇಕಪ್ ಖರ್ಚೂ ಉಳಿಯಿತು. ಆದರೆ ಪರದೆಯನ್ನು ಒತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಲೇಬೇಕು, ಅಂದರೆ ಚಿತ್ರದ ಬೆಳಕಿನ ಮಟ್ಟ ಬದಲಾಗದಂತೆ ಕಟ್ಟಿಹಾಕಬೇಕು. ಇಲ್ಲದಿದ್ದರೆ ಕತ್ತಲ ಕಡೆ ತಿರುಗಿದಾಗ ಫೋನ್ ತಾನಾಗಿಯೇ ಐಎಸ್‌ಒ (ಬೆಳಕು ಹೀರುವ ಶಕ್ತಿ) ಏರಿಸಿ, ಬಿಳಿ ಸೀರೆ ಉಟ್ಟ ನಿಮ್ಮ ಗೆಳೆಯನನ್ನು ಪೂರ್ತಿ ತೋರಿಸಿಬಿಡುತ್ತದೆ.

ಟ್ಯೂಬ್‌ಲೈಟ್ ಇರುವ ಕೋಣೆಯಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್ ಇಟ್ಟುಕೊಳ್ಳಿ. ನಮ್ಮ ಕರೆಂಟ್ 50 ಹರ್ಟ್ಸ್. 1/60 ಇಟ್ಟರೆ ಚಿತ್ರದ ಮೇಲೆ ಪಟ್ಟಿಗಳು ತೇಲುತ್ತವೆ.

ಇನ್ನು ಹಗೇವು. ಜೋಳ ತುಂಬಿಡುವ ಈ ನೆಲದೊಳಗಿನ ಕಣಜ ಹಳೇ ವಾಡೆಗಳಲ್ಲಿ, ಹಳ್ಳಿ ಮನೆಗಳಲ್ಲಿ ಈಗಲೂ ಸಿಗುತ್ತದೆ. ಮೇಲೆ ಒಬ್ಬ ಇಳಿಯುವಷ್ಟೇ ಬಾಯಿ, ಒಳಗೆ ಅಗಲ. ಯಾರೂ ಒಳಗಿಳಿಯಬೇಡಿ. ಮುಚ್ಚಿದ ಹಗೇವಿನಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿ ಆಮ್ಲಜನಕ ಇಲ್ಲದಂತಾಗಿರುತ್ತದೆ, ಇಳಿದವರು ಸದ್ದಿಲ್ಲದೆ ಬಿದ್ದು ಸಾಯುತ್ತಾರೆ. ಇಳಿಯಬೇಕಾದ್ದು ಫೋನ್ ಮಾತ್ರ. ಲೆನ್ಸ್ ಇರುವ ಕಡೆ ತೂತು ಮಾಡಿದ ಬಟ್ಟೆಚೀಲದಲ್ಲಿ ಫೋನ್ ಕಟ್ಟಿ, ಟಾರ್ಚ್ ಹಚ್ಚಿ, ಹಗ್ಗದಿಂದ ಬಿಡಿ. ಹಗ್ಗದ ಹುರಿ ಬಿಚ್ಚಿಕೊಳ್ಳುತ್ತ ಫೋನ್ ತಾನೇ ಮೆಲ್ಲಗೆ ಸುತ್ತುತ್ತದೆ. ಗೋಡೆ, ಗೋಡೆ, ಗೋಡೆ. ಎರಡನೇ ಸುತ್ತು, ಅದೇ ಗೋಡೆ. ಮೂರನೇ ಸುತ್ತಿನಲ್ಲಿ ಗೋಡೆಯ ಮೇಲೆ ಮುಂಚೆ ಇರದ ಒಂದು ಕೈ ಗುರುತು ಬಂದು, ನೋಡಬೇಕು ಅನ್ನುವಷ್ಟರಲ್ಲಿ ಸರಿದು ಹೋಗುತ್ತದೆ. ನಿಲ್ಲಿಸುವ ಹಾಗಿಲ್ಲ, ಮತ್ತೆ ಕಾಣಬೇಕಾದರೆ ಒಂದು ಸುತ್ತು ಕಾಯಬೇಕು. (ಗುರುತಿಗೆ ಇದ್ದಿಲ ಮಸಿ ಹಚ್ಚಿದ ಕಾಗದದ ಕೈ ಸಾಕು. ಅದನ್ನೂ ಕೋಲಿನ ತುದಿಗೆ ಕಟ್ಟಿ ಮೇಲಿನಿಂದಲೇ ಇಳಿಬಿಡಿ. ಗೋಡೆಯ ಎರಡು ಸುತ್ತನ್ನು ಮೊದಲೇ ಶೂಟ್ ಮಾಡಿಕೊಂಡು, ಮೂರನೆಯದನ್ನು ಕತ್ತಲು ಸರಿಯುವ ಕಡೆ ಜೋಡಿಸಿದರಾಯಿತು.) ಕೆಡುವುದು ಎರಡು ಕಾರಣಕ್ಕೆ. ನಾರಿನ ಹಗ್ಗದ ಹುರಿ ಜೋರಾಗಿ ಬಿಚ್ಚಿ ಫೋನ್ ಬುಗುರಿಯಾಗುತ್ತದೆ. ಹೆಣೆದ ನೈಲಾನ್ ಹಗ್ಗ ತಗೊಂಡು, ಕೈಯಿಂದ ನಾಲ್ಕೈದು ಸುತ್ತು ತಿರುವಿ ಬಿಡಿ. ಎರಡನೆಯದು, ಗೋಡೆ ಹತ್ತಿರ ಇರುವುದರಿಂದ ಟಾರ್ಚ್ ಬೆಳಕಿಗೆ ಎಲ್ಲ ಬೆಳ್ಳಗಾಗುತ್ತದೆ. ಎಲ್‌ಇಡಿ ಮೇಲೆ ಬಟರ್ ಪೇಪರ್ ಎರಡು ಪದರ ಅಂಟಿಸಿ.

ಸಿಸಿಟಿವಿ ಬಳಸುವವರಿಗೆ ಒಂದು ಮಾತು. ರಾತ್ರಿ ಅದು ಇನ್‌ಫ್ರಾರೆಡ್‌ನಲ್ಲಿ ನೋಡುತ್ತದೆ, ಆ ಬೆಳಕಿನಲ್ಲಿ ಕಪ್ಪು ಬಟ್ಟೆ ಎಷ್ಟೋ ಸಲ ಬೂದು, ಬಿಳಿ ಕಾಣುತ್ತದೆ. ಕಪ್ಪು ಕಂಬಳಿ ಹೊದಿಸುವ ಮೊದಲು ಟೆಸ್ಟ್ ಮಾಡಿ.

ಸೌಂಡಿಗೆ ಹಿನ್ನೆಲೆ ಸಂಗೀತ ಬೇಡವೇ ಬೇಡ. ಸಿಕ್ಕಿದ ಫುಟೇಜಿಗೆ ಪಿಟೀಲು ಯಾರು ಬಾರಿಸಿದರು? ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷದ ಬರೀ ಸದ್ದು ರೆಕಾರ್ಡ್ ಮಾಡಿಕೊಳ್ಳಿ. ಅದಿಲ್ಲದಿದ್ದರೆ ಒಂದೊಂದು ಕಟ್‌ನಲ್ಲೂ ಜೀರುಂಡೆಯ ಸದ್ದು ಜಿಗಿಯುತ್ತದೆ. ಜೀರುಂಡೆಗಳು ಹತ್ತಿರ ಯಾರಾದರೂ ಬಂದರೆ ಗಪ್ಪಾಗುತ್ತವೆ, ಹೊಲದಲ್ಲಿ ನಡೆದವರಿಗೆಲ್ಲ ಇದು ಗೊತ್ತು. ಪಾತ್ರಗಳು ನಿಂತೇ ಇದ್ದಾಗ ಜೀರುಂಡೆ ಸದ್ದನ್ನು ಮೂರು ಸೆಕೆಂಡ್ ಕತ್ತರಿಸಿ, ಅಷ್ಟೇ ಸಾಕು. ಗದಗಿನ ಕಡೆ ಕಪ್ಪತಗುಡ್ಡದ ಗಾಳಿ ಫ್ಯಾನುಗಳ ಸದ್ದೂ ಒಳ್ಳೇ ಸರಕು, ಅದು ಒಂದೇ ಲಯದಲ್ಲಿ ಏರಿಳಿಯುತ್ತದೆ. ಗುಡ್ಡ ವನ್ಯಜೀವಿಧಾಮ, ಅರಣ್ಯ ಇಲಾಖೆ ಪರವಾನಗಿ ಇಲ್ಲದೆ ಒಳಗೆ ಹೋಗಬೇಡಿ, ರಸ್ತೆಯಿಂದಲೇ ರೆಕಾರ್ಡ್ ಮಾಡಿ. 40 ಹರ್ಟ್ಸ್‌ನ ತೀರಾ ತಗ್ಗು ದನಿಯ ಗುಂಯ್ ಸದ್ದಿನ ಮೇಲೆ ಭರವಸೆ ಇಡಬೇಡಿ: ಫೋನ್ ಸ್ಪೀಕರಿನಲ್ಲಿ 200ಕ್ಕಿಂತ ಕೆಳಗಿನದು ಕೇಳಿಸುವುದೇ ಕಷ್ಟ. ಉಸಿರು, ಬಟ್ಟೆ ಸವರುವ ಸದ್ದು, ಹಂಚಿನ ಮೇಲೆ ಏನೋ ಸರಿದದ್ದು ಇವು ಕೇಳಿಸುತ್ತವೆ.

ಮಾತಿಗೂ ಅದೇ ನಿಯಮ. ‘ಯಾರು ಅಲ್ಲಿ? ಹೊರಗೆ ಬನ್ನಿ!’ ಅನ್ನುವವನಿಗೆ ತಾನು ದೆವ್ವದ ಸಿನಿಮಾದಲ್ಲಿದ್ದೇನೆ ಅಂತ ಗೊತ್ತು. ಹೀಗಿರಲಿ:

‘ಲೇ, ಬಾಗ್ಲಾ ಹಾಕಿದ್ದಿಲ್ಲೇನಲೇ ನೀ?’
‘ಹಾಕಿದ್ನೆಪಾ.’
‘ಮತ್ತ ತೆರದೈತಲ್ಲೋ.’
‘ಗಾಳಿಗಿ ತೆರದಿರಬೇಕ್ ಬಿಡಲೇ, ಚಹಾ ಕುಡಿ.’

ಓಡುವಾಗಲೂ ಶೂಟ್ ಮಾಡುವುದೇಕೆ ಎಂಬ ಪ್ರಶ್ನೆಗೆ ಟಾರ್ಚ್ ಉತ್ತರ: ಬೆಳಕು ಇರುವುದೇ ಆ ಫೋನಿನಲ್ಲಿ, ಆರಿಸುವ ಹಾಗಿಲ್ಲ.

ಕೊನೆಗೆ ಅಪ್‌ಲೋಡ್. ಯೂಟ್ಯೂಬ್ ವಿಡಿಯೊವನ್ನು ಒತ್ತಿ ಕುಗ್ಗಿಸುವಾಗ ಕತ್ತಲೆಯೆಲ್ಲ ಚೌಕಚೌಕ ಕಲೆಗಳಾಗುತ್ತದೆ, ನಾಲ್ಕು ಮೀಟರಿನ ಆಕೃತಿ ಅದರಲ್ಲೇ ಕರಗಿಹೋಗುತ್ತದೆ. ಎಡಿಟಿಂಗ್‌ನಲ್ಲಿ ಕಪ್ಪನ್ನು ತುಸು ತಿಳಿಯಾಗಿಸಿ, ಸ್ವಲ್ಪ ಗ್ರೇನ್ (ಚಿತ್ರದ ಮೇಲಿನ ಸಣ್ಣ ಚುಕ್ಕಿಗಳು) ಉಳಿಸಿ, 1080ರಲ್ಲಿ ಶೂಟ್ ಮಾಡಿದ್ದರೂ 4ಕೆಗೆ ಹಿಗ್ಗಿಸಿ ಏರಿಸಿ, ಬಿಟ್‌ರೇಟ್ (ಪ್ರತಿ ಸೆಕೆಂಡಿಗೆ ಸಿಗುವ ಡೇಟಾ) ಹೆಚ್ಚು ಸಿಗುತ್ತದೆ. ಮೊದಲು ಅನ್‌ಲಿಸ್ಟೆಡ್ (ಲಿಂಕ್ ಇದ್ದವರಿಗಷ್ಟೇ ಕಾಣುವಂತೆ) ಹಾಕಿ, ಕಥೆ ಗೊತ್ತಿಲ್ಲದ ಒಬ್ಬರಿಗೆ ಫೋನ್ ಬ್ರೈಟ್‌ನೆಸ್ ಅರ್ಧಕ್ಕಿಟ್ಟು ತೋರಿಸಿ. ಅವರ ಹೆಬ್ಬೆರಳು ಎಲ್ಲಿ ಮುಂದಕ್ಕೆ ಎಳೆಯಿತೋ ಆ ಜಾಗ ಕತ್ತರಿಸಿ. ಎಲ್ಲಿ ಹಿಂದಕ್ಕೆ ಎಳೆದು ಮತ್ತೆ ನೋಡಿದರೋ ಅಲ್ಲಿ ಒಂದು ಫ್ರೇಮನ್ನೂ ಮುಟ್ಟಬೇಡಿ.